ಉರು ಹೊಡೆದ ಇಂಗ್ಲಿಷು ಏಪ್ರಿಲ್‌ವರೆಗೆ ಮಾತ್ರ

ಫೆಬ್ರುವರಿ ಬಂತೆಂದರೆ ಹತ್ತನೇ ತರಗತಿ ಮಕ್ಕಳಿರುವ ಮನೆಗಳಲ್ಲಿ ಬೆಳಗಿನ ಜಾವ ಐದಕ್ಕೇ ದೀಪ ಹತ್ತುತ್ತದೆ. ಹುಡುಗ ಎದ್ದನೋ ಇಲ್ಲವೋ ಎಂದು ಮೇಷ್ಟ್ರೇ ಫೋನ್ ಮಾಡಿ ವಿಚಾರಿಸುವ ರೂಢಿ ಈಗ ಎಷ್ಟೋ ಶಾಲೆಗಳಲ್ಲಿದೆ. ಪ್ರಿಪರೇಟರಿ ಮುಗಿದಿರುತ್ತದೆ, ಸಂಜೆ ವಿಶೇಷ ತರಗತಿ ನಡೆದಿರುತ್ತದೆ, ಓದಿನಲ್ಲಿ ಹಿಂದೆ ಬಿದ್ದವರ ಕೈಗೆ ‘ಪಾಸಿಂಗ್ ಪ್ಯಾಕೇಜ್’ ಬಂದಿರುತ್ತದೆ. ಕನ್ನಡ ಮಾಧ್ಯಮದ ಮಕ್ಕಳನ್ನು ಹೆದರಿಸುವ ವಿಷಯ ಮೂರು: ಗಣಿತ, ವಿಜ್ಞಾನ, ಇಂಗ್ಲಿಷ್. ಗಣಿತಕ್ಕೆ ಲೆಕ್ಕ ಬಿಡಿಸುತ್ತಾರೆ, ವಿಜ್ಞಾನಕ್ಕೆ ಚಿತ್ರ ಬರೆದು ಭಾಗ ಗುರುತಿಸುತ್ತಾರೆ. ಇಂಗ್ಲಿಷಿಗೆ ಮಾತ್ರ ಒಂದೇ ದಾರಿ ಎಂದು ಮನೆಯವರೂ ನಂಬಿದ್ದಾರೆ, ಮಕ್ಕಳೂ ನಂಬಿದ್ದಾರೆ. ಉರು ಹೊಡೆಯುವುದು.

‘ಈಗಿನ ಮಕ್ಕಳು ಓದೋದೇ ಇಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಓದುತ್ತಾರೆ. ನಿದ್ದೆಗೆಟ್ಟು, ಕಣ್ಣು ಉರಿಯುವಷ್ಟು ಓದುತ್ತಾರೆ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸತೊಡಗಿದ್ದು 2007-08ರಲ್ಲಿ. ಅಂದಮೇಲೆ ಇಂದು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಮಗುವಿನ ಬೆನ್ನಿಗೆ ಹತ್ತು ವರ್ಷದ ಇಂಗ್ಲಿಷ್ ಇದೆ. ಹತ್ತು ವರ್ಷ ಒಂದು ಭಾಷೆಯ ಜೊತೆ ಕಳೆದ ಮಗು, ಬಸ್ ನಿಲ್ದಾಣದಲ್ಲಿ ಯಾರೋ ಆ ಭಾಷೆಯಲ್ಲಿ ದಾರಿ ಕೇಳಿದರೆ ಸ್ನೇಹಿತನ ಬೆನ್ನ ಹಿಂದೆ ಸರಿಯುತ್ತದೆ. ಪಿಯುಸಿಗೆ ವಿಜ್ಞಾನ ತೆಗೆದುಕೊಂಡರೆ ಮೊದಲ ತಿಂಗಳಲ್ಲೇ ಕಂಗಾಲಾಗುತ್ತದೆ. ಶ್ರಮ ಕಡಿಮೆಯಾಗಿ ಹೀಗಾಯಿತು ಎನ್ನಲು ಬರುವುದಿಲ್ಲ. ಓದುವ ಅಭ್ಯಾಸ ಎಲ್ಲೋ ದಾರಿ ತಪ್ಪಿದೆ, ಅದನ್ನು ತಿದ್ದುವ ಕೆಲಸ ಮಗುವೊಂದರದೇ ಅಲ್ಲ.

ಪೆನ್ಸಿಲಿನ ಸಾಲು

ಯಾವುದಾದರೂ ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಹೋಗಿ, ಚೆನ್ನಾಗಿ ಓದುತ್ತಾಳೆ ಎಂದು ಹೆಸರಾದ ಹುಡುಗಿಯ ಇಂಗ್ಲಿಷ್ ನೋಟ್ಸ್ ತೆರೆದು ನೋಡಿ. ಅಕ್ಷರ ದುಂಡಗೆ, ಅಚ್ಚುಕಟ್ಟಾಗಿ ಇರುತ್ತದೆ. ಪ್ರಶ್ನೆ ಒಂದು ಶಾಯಿಯಲ್ಲಿ, ಉತ್ತರ ಇನ್ನೊಂದು ಶಾಯಿಯಲ್ಲಿ. ತುಸು ಕಷ್ಟದ ಪ್ರತಿ ಪದದ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಕನ್ನಡದ ಉಚ್ಚಾರಣೆ: ‘ಕರೇಜ್’, ‘ಬರ್ಗ್ಲರ್’, ‘ಕಂಗ್ರಾಚುಲೇಟೆಡ್’. ಅವಳು ಓದುವಾಗ ಪಕ್ಕದಲ್ಲಿ ಕೂತು ಗಮನಿಸಿದರೆ ಒಂದು ಸಂಗತಿ ತಿಳಿಯುತ್ತದೆ. ಕಣ್ಣು ಹರಿಯುವುದು ಪೆನ್ಸಿಲಿನ ಸಾಲಿನ ಮೇಲೆ. ಕೆಳಗಿನ ಇಂಗ್ಲಿಷ್ ಅಕ್ಷರಗಳನ್ನು ಅದು ಮುಟ್ಟುವುದೇ ಇಲ್ಲ. ಹೀಗಾಗಿ ಬರೆಯುವಾಗ ಸ್ಪೆಲಿಂಗ್ ಕೈಕೊಡುತ್ತದೆ. ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಇದೆ: ‘ಎಸ್ ಸಿ ಎಚ್ ಓ ಓ ಎಲ್, ಸ್ಕೂಲ್’ ಎಂದು ರಾಗವಾಗಿ ಹೇಳಿಕೊಳ್ಳುವುದು, ಒಂದೊಂದು ಪದವನ್ನೂ ಹತ್ತು ಹತ್ತು ಸಲ ಬರೆಯುವುದು. ಅಂತೂ ಉಚ್ಚಾರಣೆ ಒಂದು ಕಡೆ, ಸ್ಪೆಲಿಂಗ್ ಇನ್ನೊಂದು ಕಡೆ. ಅರ್ಥ ಮಾತ್ರ ಆ ಪುಟದಲ್ಲಿ ಎಲ್ಲಿಯೂ ಇಲ್ಲ. ಪೀರಿಯಡ್‌ನಲ್ಲಿ ಮೇಷ್ಟ್ರು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಾಗ ಅದು ಬಂದಿತ್ತು, ಗಂಟೆ ಹೊಡೆದಾಗ ಹೋಯಿತು.

ಆ ಹುಡುಗಿ ಉತ್ತರವನ್ನು ನಲವತ್ತು ಪದಗಳ ಒಂದೇ ಉಸಿರಾಗಿ ಒಪ್ಪಿಸಬಲ್ಲಳು. ನಡುವಿನ ಒಂದು ಪದ ಮರೆತರೆ ಮುಂದಿನ ಮೂರು ಸಾಲು ಅಲ್ಲಿಗೇ ನಿಂತುಹೋಗುತ್ತವೆ. ಮತ್ತೆ ಮೊದಲಿನಿಂದ ಶುರು ಮಾಡಬೇಕು. ‘ಏಕೆ’ ಎಂದು ಇದ್ದ ಪ್ರಶ್ನೆಯನ್ನು ‘ಹೇಗೆ’ ಎಂದು ಬದಲಿಸಿ ಕೇಳಿದರೆ ಅದೇ ಉತ್ತರ ಬರುತ್ತದೆ, ಇಲ್ಲವೇ ಉತ್ತರವೇ ಬರುವುದಿಲ್ಲ. ಪತ್ರಲೇಖನವೂ ಅಷ್ಟೇ. ಮುಖ್ಯೋಪಾಧ್ಯಾಯರಿಗೆ ಬರೆಯುವ ರಜೆ ಚೀಟಿಯ ಅಚ್ಚು ಬಾಯಿಗೆ ಬಂದಿದೆ. ಆದರೆ ನಿಜಕ್ಕೂ ಅವಳಿಗೆ ಜ್ವರ ಬಂದ ದಿನ ಅಮ್ಮ ಫೋನ್ ಮಾಡಿ ತಿಳಿಸುತ್ತಾಳೆ. ಆ ಚೀಟಿ ಅವಳ ಬದುಕಿನಲ್ಲಿ ಒಮ್ಮೆಯೂ ಉಪಯೋಗಕ್ಕೆ ಬಂದಿಲ್ಲ.

ಪರೀಕ್ಷೆಯೂ ಈ ಅಭ್ಯಾಸಕ್ಕೆ ಸಾಕಷ್ಟು ಒತ್ತಾಸೆ ಕೊಟ್ಟಿದೆ. ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ. ಪ್ರಶ್ನೆಪತ್ರಿಕೆಯ ದೊಡ್ಡ ಪಾಲು ಪಾಠದ ಪ್ರಶ್ನೋತ್ತರಕ್ಕೆ ಸಲ್ಲುತ್ತದೆ. ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯಿರಿ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಪಠ್ಯದಲ್ಲಿ ಇಲ್ಲದ ಒಂದು ಗದ್ಯಭಾಗ, ಒಂದು ಚಿತ್ರ, ಒಂದು ಪತ್ರ, ಒಂದು ಪ್ರಬಂಧ, ಇವುಗಳಲ್ಲಿ ಮಾತ್ರ ಮಗು ತಾನಾಗಿ ಏನಾದರೂ ಹೇಳಬೇಕಾಗುತ್ತದೆ. ಅವುಗಳಲ್ಲೂ ಪ್ರಬಂಧಕ್ಕೆ ‘ಬರಬಹುದಾದ ಐದು’ ವಿಷಯಗಳನ್ನು ಗೈಡಿನವರು ಮೊದಲೇ ಆರಿಸಿ ಕೊಟ್ಟಿರುತ್ತಾರೆ. ಮೇಷ್ಟ್ರನ್ನು ದೂರುವುದು ಸುಲಭ. ಜೂನ್‌ನಲ್ಲಿ ಎಂಟನೇ ತರಗತಿಗೆ ಬರುವ ಮಗುವಿಗೆ ಅಕ್ಷರ ಕೂಡಿಸಿ ಓದಲು ಬರುವುದಿಲ್ಲ, ಜಿಲ್ಲೆಯ ಫಲಿತಾಂಶದ ಪಟ್ಟಿ ಮಾತ್ರ ಅವರ ತಲೆಯ ಮೇಲೆ ತೂಗುತ್ತಿರುತ್ತದೆ. ಪಾಸಾದರೆ ಸಾಕು ಎಂಬಲ್ಲಿಗೆ ಅವರು ಬಂದು ನಿಲ್ಲುವುದು ಸಂಕಟದಿಂದ, ಸೋಮಾರಿತನದಿಂದ ಅಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಬಾಯಿಪಾಠವನ್ನು ನಾನು ಹೀಗಳೆಯುತ್ತಿಲ್ಲ. ಮಗ್ಗಿ, ವಚನ, ಅಮರಕೋಶ, ಕೀರ್ತನೆ ಎಲ್ಲವನ್ನೂ ಕಂಠಸ್ಥ ಮಾಡಿಕೊಂಡು ಬೆಳೆದ ನಾಡು ನಮ್ಮದು. ಅರ್ಥ ತಿಳಿದು ನಾಲಗೆಗೆ ಹತ್ತಿದ ಒಂದು ಇಂಗ್ಲಿಷ್ ಪದ್ಯ ಮಗುವಿಗೆ ಆ ಭಾಷೆಯ ಏರಿಳಿತವನ್ನು ಕೊಡುತ್ತದೆ; ವಾಕ್ಯದಲ್ಲಿ ಕ್ರಿಯಾಪದ ಎಲ್ಲಿ ಕೂರುತ್ತದೆ ಎಂಬುದನ್ನು ವ್ಯಾಕರಣದ ಸೂತ್ರಕ್ಕಿಂತ ಚೆನ್ನಾಗಿ ಕಲಿಸುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ನಮ್ಮ ವಿಭಕ್ತಿ ಪದದ ಬಾಲಕ್ಕೆ ಅಂಟುತ್ತದೆ, ಅವರದು ಪದದ ಮುಂದೆ ನಿಲ್ಲುತ್ತದೆ. ಈ ಅದಲು ಬದಲು ಕಿವಿಗೆ ಒಗ್ಗಬೇಕಾದರೆ ಗಟ್ಟಿಯಾಗಿ ಓದಬೇಕು, ಹೇಳಬೇಕು. ತೊಂದರೆ ಬಾಯಿಪಾಠದಲ್ಲಿಲ್ಲ, ಅರ್ಥವನ್ನು ಹೊರಗೆ ನಿಲ್ಲಿಸಿ ಮಾಡುವ ಬಾಯಿಪಾಠದಲ್ಲಿದೆ.

ಮರೆವಿನ ಲೆಕ್ಕ

ನೆನಪು ಹೇಗೆ ನಿಲ್ಲುತ್ತದೆ, ಹೇಗೆ ಸೋರುತ್ತದೆ ಎಂಬುದನ್ನು ಮೊದಲ ಬಾರಿಗೆ ಕ್ರಮವಾಗಿ ಅಳೆದವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. 1885ರಲ್ಲಿ ಪ್ರಕಟವಾದ ಅವನ ಪ್ರಯೋಗಕ್ಕೆ ಅವನೇ ವಸ್ತು. ಯಾವ ಅರ್ಥವೂ ಇಲ್ಲದ ಉಚ್ಚಾರಗಳನ್ನು ಬೇಕೆಂದೇ ಜೋಡಿಸಿಕೊಂಡು ಕಂಠಪಾಠ ಮಾಡಿದ; ಒಂದು ಗಂಟೆ, ಒಂದು ದಿನ, ಒಂದು ತಿಂಗಳು ಬಿಟ್ಟು ಎಷ್ಟು ಉಳಿದಿದೆ ಎಂದು ಪರೀಕ್ಷಿಸಿದ. ಒಂದು ದಿನ ಕಳೆಯುವಷ್ಟರಲ್ಲಿ ಕಲಿತದ್ದರ ಬಹುಪಾಲು ಕೈಬಿಟ್ಟುಹೋಗಿತ್ತು. ಅರ್ಥದ ಆಸರೆ ಇಲ್ಲದ ಶಬ್ದ ಎಷ್ಟು ಬೇಗ ಜಾರುತ್ತದೆ ಎಂದು ತಿಳಿಯಲು ಅವನು ಆ ಉಚ್ಚಾರಗಳನ್ನು ಕಷ್ಟಪಟ್ಟು ತಯಾರಿಸಬೇಕಾಯಿತು. ನಮ್ಮ ಮಕ್ಕಳಿಗೆ ಪಠ್ಯಪುಸ್ತಕದ ಇಂಗ್ಲಿಷೇ ಅಂಥ ಉಚ್ಚಾರಗಳ ಸರಮಾಲೆಯಾಗಿಬಿಟ್ಟಿದೆ. ಇದು ನನ್ನನ್ನು ತುಂಬ ನೋಯಿಸುವ ಸಂಗತಿ. ಎಬಿಂಗ್‌ಹೌಸ್ ಕಂಡ ಇನ್ನೊಂದು ಸತ್ಯ ಮಾತ್ರ ಆಶಾದಾಯಕ. ಅಷ್ಟೇ ಅಭ್ಯಾಸವನ್ನು ಒಂದೇ ದಿನ ಮಾಡುವ ಬದಲು ಹಲವು ದಿನಗಳಿಗೆ ಹಂಚಿದರೆ ನೆನಪು ಹೆಚ್ಚು ಗಟ್ಟಿಯಾಗುತ್ತದೆ. ಬಿರುಮಳೆ ಮಣ್ಣನ್ನೇ ಕೊಚ್ಚಿಕೊಂಡು ಹೋಗುತ್ತದೆ, ಸೋನೆ ಬೇರಿಗೆ ಇಳಿಯುತ್ತದೆ ಎಂಬುದು ನಮ್ಮ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ.

ಇದಕ್ಕೆ ಪೂರಕವಾದ ಇನ್ನೊಂದು ಪ್ರಯೋಗವನ್ನು 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಸರದಿಯಲ್ಲಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಪುಸ್ತಕ ಮುಚ್ಚಿ ನೆನಪಿಗೆ ಬಂದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಬರಿದೇ ಓದಿದವರೇ ಮುಂದಿದ್ದರು: ಅವರದು ಶೇ 83, ಇವರದು ಶೇ 71. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುವುಮುರುವಾಗಿತ್ತು. ಓದಿದವರಿಗೆ ಉಳಿದದ್ದು ಶೇ 40, ಪುಸ್ತಕ ಮುಚ್ಚಿ ನೆನೆದವರಿಗೆ ಶೇ 61. ಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ಮತ್ತೆ ಓದಿದ ಮಗುವಿಗೆ ‘ಎಲ್ಲ ಬರುತ್ತೆ’ ಎಂಬ ಧೈರ್ಯ ಬರುವುದು ಆ ಐದು ನಿಮಿಷದ ಫಲ. ವಾರ ಕಳೆದ ಮೇಲೆ ತಾನು ದಡ್ಡ ಎಂದು ಅದು ನಂಬಿಬಿಡುತ್ತದೆ. 2013ರಲ್ಲಿ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ತೂಗಿ ನೋಡಿದಾಗಲೂ ಬಂದ ತೀರ್ಮಾನ ಇದೇ. ತಾವೇ ತಮ್ಮನ್ನು ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳಿಗೆ ಹಂಚಿಕೊಳ್ಳುವುದು ಎಲ್ಲಕ್ಕಿಂತ ಮೇಲೆ ನಿಂತವು. ಮರು ಓದು, ಗೆರೆ ಎಳೆಯುವುದು, ಹೈಲೈಟರ್ ಬಳಿಯುವುದು ಕೆಳಗೆ ಉಳಿದವು. ನಮ್ಮ ಮಕ್ಕಳ ರಾತ್ರಿಗಳೆಲ್ಲ ಕಳೆಯುತ್ತಿರುವುದು ಆ ಕೆಳಗಿನ ಸಾಲಿನಲ್ಲಿಯೇ.

ಸ್ವಾಮಿ ಮತ್ತು ಅಜ್ಜಿ

ರಾಜ್ಯದ ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಆರ್.ಕೆ. ನಾರಾಯಣ್ ಅವರ ಸ್ವಾಮಿಯ ಕಥೆಯೊಂದಿದೆ. ಹುಲಿಯನ್ನು ಎದುರಿಸಿದ ಹಳ್ಳಿ ಹುಡುಗನ ಸುದ್ದಿಯನ್ನು ಅಪ್ಪ ಪತ್ರಿಕೆಯಲ್ಲಿ ತೋರಿಸುತ್ತಾನೆ; ಧೈರ್ಯವಿದ್ದರೆ ಇವತ್ತು ರಾತ್ರಿ ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎನ್ನುತ್ತಾನೆ. ಅಜ್ಜಿಯ ಮಗ್ಗುಲಲ್ಲಿ ಮಲಗುವ ಹುಡುಗ ಭಯದಿಂದ ನಡುಗುತ್ತ ಬೆಂಚಿನ ಕೆಳಗೆ ಸೇರಿಕೊಂಡು, ಕತ್ತಲಲ್ಲಿ ಬಂದ ಕಳ್ಳನ ಕಾಲನ್ನು ಕಚ್ಚಿಬಿಡುತ್ತಾನೆ. ಮೈಸೂರಿನ ಲೇಖಕರ ಕಥೆ, ನಮ್ಮದೇ ಮನೆಯಂಥ ಮನೆ. ಇಂಥ ಕಥೆಯನ್ನೂ ಗೈಡು ಹನ್ನೆರಡು ಪ್ರಶ್ನೋತ್ತರಗಳಿಗೆ ಇಳಿಸಿಬಿಡುತ್ತದೆ.

ಈ ಪಾಠವನ್ನು ಬೇರೆಯೇ ರೀತಿ ಮಾಡಿದ ಶಿಕ್ಷಕಿಯೊಬ್ಬರ ತರಗತಿಯಲ್ಲಿ ಕೂತಿದ್ದೇನೆ. ಸರ್ಕಾರಿ ಪ್ರೌಢಶಾಲೆ, ಇಕ್ಕಟ್ಟಾದ ಕೊಠಡಿ. ಪಾಠ ಅರ್ಧ ಆಗಿತ್ತು. ಪುಸ್ತಕ ಮುಚ್ಚಿಸಿ, ‘ನಿಮ್ಮಲ್ಲಿ ಎಷ್ಟು ಜನ ರಾತ್ರಿ ಒಬ್ಬೊಬ್ಬರೇ ಮಲಗ್ತೀರಿ?’ ಎಂದು ಕನ್ನಡದಲ್ಲೇ ಕೇಳಿದರು. ನಗು ಎದ್ದಿತು. ಕೈ ಎತ್ತಿದವರು ಕಡಿಮೆ. ‘ಸರಿ, ಯಾರ ಜೊತೆ ಮಲಗ್ತೀರಿ, ಇಂಗ್ಲಿಷಲ್ಲಿ ಹೇಳಿ ನೋಡೋಣ.’ ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ‘ಐ ಸ್ಲೀಪ್ ಅಜ್ಜಿ ಸೈಡ್, ಮಿಸ್’ ಎಂದ. ಅವರು ತಪ್ಪು ಎನ್ನಲಿಲ್ಲ. ಬೋರ್ಡಿನ ಮೇಲೆ ಆ ವಾಕ್ಯವನ್ನು ತುಂಬಿಸಿ ಬರೆದರು, ‘ಅಜ್ಜಿ’ಯನ್ನು ಹಾಗೇ ಉಳಿಸಿದರು. ‘ವೈ?’ ಎಂದರು. ‘ಐ ಫಿಯರ್, ಮಿಸ್. ಡಾರ್ಕ್.’ ಅದೂ ಬೋರ್ಡಿಗೆ ಬಂತು, ಸರಿಯಾದ ರೂಪದಲ್ಲಿ. ಅಲ್ಲಿಂದ ಮುಂದೆ ಕೈಗಳು ಏಳತೊಡಗಿದವು. ನಾಯಿ, ಹಾವು, ದೊಡ್ಡಪ್ಪ, ಗಣಿತದ ಸರ್, ಎಲ್ಲರ ಭಯವೂ ಹೊರಬಿತ್ತು. ಮನೆಗೆ ಹೋಗಿ ಅವರವರ ಭಯದ ಬಗ್ಗೆ ಮೂರೇ ವಾಕ್ಯ ಬರೆದು ತರಬೇಕು, ಗೈಡು ನೋಡುವಂತಿಲ್ಲ ಎಂದು ಹೇಳಿದರು. ಅವರವರ ಭಯ ಯಾವ ಗೈಡಿನಲ್ಲೂ ಇರಲು ಸಾಧ್ಯವಿರಲಿಲ್ಲ.

ಮಾರನೆಯ ದಿನ ಪಾಠ ಶುರುವಾಗುವ ಮೊದಲು ನಾಲ್ವರು ತಮ್ಮ ವಾಕ್ಯ ಓದುತ್ತಾರೆ, ಅದರ ಮರುದಿನ ಬೇರೆ ನಾಲ್ವರು. ಇದು ಅವರ ನಿತ್ಯದ ಪದ್ಧತಿ. ತಪ್ಪುಗಳಿರುತ್ತವೆ, ಬೇಕಾದಷ್ಟಿರುತ್ತವೆ. ಆದರೆ ತಾನು ಹೇಳಬೇಕೆಂದದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಹವಣಿಸಿದ ಮಗುವಿಗೆ ಮಾತ್ರ ಯಾವ ಪದ ತನ್ನ ಬಳಿ ಇಲ್ಲ ಎಂಬುದು ಗೊತ್ತಾಗುತ್ತದೆ. ಆ ಕೊರತೆ ಗೊತ್ತಾದ ಮಗು ಪದಕ್ಕಾಗಿ ಕೈ ಚಾಚುತ್ತದೆ.

ಇದು ವಿದೇಶದಿಂದ ಬಂದ ಹೊಸ ಫ್ಯಾಷನ್ ಏನೂ ಅಲ್ಲ. ಭಾಷೆ ಕಲಿಸುವ ಕ್ಷೇತ್ರದಲ್ಲಿ ಇಂದು ಜಗತ್ತಿನಾದ್ಯಂತ ಹೇಳಿಕೊಡುವ ‘ಟಾಸ್ಕ್’ ಪದ್ಧತಿಯ ಒಂದು ಮುಖ್ಯ ಬೇರು ಬೆಂಗಳೂರಿನಲ್ಲಿದೆ. ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ಕೊಡಲು 1963ರಲ್ಲಿ ಇಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಈಗ ಅದು ಜ್ಞಾನಭಾರತಿಯಲ್ಲಿದೆ. ಆ ಸಂಸ್ಥೆಯ ಆಸರೆಯಲ್ಲಿ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು, ಕಡಲೂರುಗಳ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಲೋಕ ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯಿತು. ವ್ಯಾಕರಣದ ಪಾಠವೇ ಇಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಶಾಲೆಯ ಟೈಂಟೇಬಲ್ಲು ಇಟ್ಟುಕೊಂಡು ಮಕ್ಕಳು ಇಂಗ್ಲಿಷಿನಲ್ಲಿ ಒಂದು ಸಮಸ್ಯೆ ಬಿಡಿಸಬೇಕು. ಮೊದಲು ಅಂಥದೇ ಒಂದನ್ನು ಶಿಕ್ಷಕರು ಇಡೀ ತರಗತಿಯೊಂದಿಗೆ ಬಿಡಿಸಿ ತೋರಿಸುತ್ತಿದ್ದರು, ಆಮೇಲೆ ಪ್ರತಿ ಮಗುವೂ ತಾನೇ ಮಾಡಬೇಕು. ಅಂಕ ಕೊಡುತ್ತಿದ್ದುದು ಉತ್ತರ ಸರಿಯೋ ಎಂದು ನೋಡಿ, ವಾಕ್ಯ ಸರಿಯೋ ಎಂದಲ್ಲ. ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಒಳಗೆ ಕೂರುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಪ್ರಕಟವಾದ ಅವರ ಪುಸ್ತಕವನ್ನು ಭಾಷಾ ಶಿಕ್ಷಣ ಓದುವವರು ಈಗಲೂ ಓದುತ್ತಾರೆ. ಆ ಪ್ರಯೋಗ ನಡೆದ ನಾಡಿನಲ್ಲೇ ಮಕ್ಕಳು ಹನ್ನೆರಡು ಪ್ರಶ್ನೋತ್ತರಗಳಿಗೆ ಜೋತುಬಿದ್ದಿದ್ದಾರೆ. ಎಲ್ಲ ಶಾಲೆಯಲ್ಲೂ ವ್ಯಾಕರಣ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಹೈಸ್ಕೂಲಿನ ಮಗುವಿಗೆ ಅಷ್ಟಿಷ್ಟು ವ್ಯಾಕರಣ ನೆರವಾಗುತ್ತದೆ. ಆದರೆ ದಿನಕ್ಕೆ ಹತ್ತು ನಿಮಿಷವಾದರೂ ಇಂಗ್ಲಿಷಿನಿಂದ ಏನಾದರೊಂದು ಕೆಲಸ ಆಗಬೇಕು.

ಇನ್ನೂರೈವತ್ತು ಪುಸ್ತಕ

ಓದಿನ ಅಭ್ಯಾಸ ಎಂದಾಗ ನಾವು ಪಠ್ಯಪುಸ್ತಕದ ಓದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ. ಒಂದು ವರ್ಷದ ಪಠ್ಯದಲ್ಲಿ ಇರುವುದು ಬೆರಳೆಣಿಕೆಯ ಪಾಠ, ಪದ್ಯ. ಅಷ್ಟರಿಂದ ಒಂದು ಭಾಷೆ ಬಾರದು. ಈ ಮಾತಿಗೆ ಫಿಜಿ ದ್ವೀಪಗಳಿಂದ ಒಳ್ಳೆಯ ಸಾಕ್ಷ್ಯವಿದೆ. 1980ರ ಸುಮಾರಿಗೆ ಅಲ್ಲಿನ ಹಳ್ಳಿ ಶಾಲೆಗಳ ಸ್ಥಿತಿ ನಮ್ಮ ಹಳ್ಳಿಗಳ ಹಾಗೇ ಇತ್ತು: ಮನೆಯಲ್ಲಿ ಇಂಗ್ಲಿಷ್ ಇಲ್ಲ, ಶಾಲೆಯಲ್ಲಿ ಪುಸ್ತಕವಿಲ್ಲ. ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಾಂಗುಭಾಯ್ ಎಂಬ ಸಂಶೋಧಕರು ನಾಲ್ಕು ಮತ್ತು ಐದನೇ ತರಗತಿಗಳಿಗೆ 250 ಚಿತ್ರಕಥೆಯ ಇಂಗ್ಲಿಷ್ ಪುಸ್ತಕಗಳನ್ನು ಒದಗಿಸಿದರು. ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಓದು. ಕೆಲವು ತರಗತಿಗಳಲ್ಲಿ ಶಿಕ್ಷಕರು ಜೊತೆಗೂಡಿ ಓದಿಸಿದರು, ಕೆಲವು ಕಡೆ ಮಕ್ಕಳು ಸುಮ್ಮನೆ ತಮ್ಮ ಪಾಡಿಗೆ ಓದಿಕೊಂಡರು. ಎಂಟು ತಿಂಗಳಲ್ಲಿ ಓದಿ ತಿಳಿಯುವ, ಕೇಳಿ ತಿಳಿಯುವ ಶಕ್ತಿ ಎಂದಿನ ವೇಗದ ಎರಡರಷ್ಟು ಬೆಳೆದಿತ್ತು. ಇಪ್ಪತ್ತು ತಿಂಗಳ ನಂತರ ನೋಡಿದರೆ ಆ ಲಾಭ ಇನ್ನೂ ಹೆಚ್ಚಿ, ಭಾಷೆಯ ಉಳಿದ ಕೌಶಲಗಳಿಗೂ ಹಬ್ಬಿತ್ತು. ಅವರು ಪ್ರಾಥಮಿಕ ಶಾಲೆಯ ಮಕ್ಕಳು, ನಿಜ. ಆದರೆ ನಮ್ಮ ಎಂಟನೇ ತರಗತಿಯ ಬಹುಪಾಲು ಮಕ್ಕಳ ಇಂಗ್ಲಿಷು ಆ ಮಕ್ಕಳಿಗಿಂತ ಬಹಳ ಮುಂದೇನೂ ಇಲ್ಲ.

ಇಲ್ಲಿ ಒಂದು ಸಂಕೋಚವನ್ನು ಮುರಿಯಬೇಕು. ಪುಟದ ನೂರು ಪದಗಳಲ್ಲಿ ತೊಂಬತ್ತೆಂಟು ಗೊತ್ತಿದ್ದರೆ ಮಾತ್ರ ನಿಘಂಟಿನ ನೆರವಿಲ್ಲದೆ ಓದು ಸಲೀಸಾಗಿ ಸಾಗುತ್ತದೆ ಎಂಬುದು ಪದಸಂಪತ್ತಿನ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಪಾಲ್ ನೇಷನ್ ಅವರಂಥ ಸಂಶೋಧಕರ ಲೆಕ್ಕ. ಅಂದರೆ ಒಂಬತ್ತನೇ ತರಗತಿಯ ಹುಡುಗ ಮೂರನೇ ತರಗತಿ ಮಕ್ಕಳ ಕಥೆಪುಸ್ತಕದಿಂದ ಶುರು ಮಾಡಬೇಕಾಗಬಹುದು. ಮಾಡಲಿ. ‘ಇಷ್ಟು ದೊಡ್ಡವನಾಗಿ ಚಿಕ್ಕ ಮಕ್ಕಳ ಪುಸ್ತಕ ಓದ್ತೀಯಾ?’ ಎಂದು ಅಣಕಿಸುವವರು ಮನೆಯಲ್ಲೂ ಇರುತ್ತಾರೆ, ಶಾಲೆಯಲ್ಲೂ ಇರುತ್ತಾರೆ. ಆ ಅಣಕಕ್ಕೆ ಹೆದರಿ ಇಂಗ್ಲಿಷ್ ಪುಸ್ತಕವನ್ನು ಶಾಶ್ವತವಾಗಿ ಕೆಳಗಿಟ್ಟ ಮಕ್ಕಳು ಬಹಳ.

ಪುಸ್ತಕ ಎಲ್ಲಿದೆ ಎಂದು ಕೇಳಬಹುದು. ಹಲವು ಶಾಲೆಗಳಲ್ಲಿ ಅದು ಬೀಗ ಹಾಕಿದ ಕಪಾಟಿನಲ್ಲಿದೆ. ಕಳೆದುಹೋದರೆ ಆಡಿಟ್‌ನಲ್ಲಿ ಉತ್ತರ ಹೇಳಬೇಕೆಂಬ ಅಂಜಿಕೆ ಶಿಕ್ಷಕರಿಗೆ. ಶಾಲೆಯ ಹೊರಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಸಾವಿರಾರು ಮಕ್ಕಳ ಕಥೆಗಳು ಹಂತ ಹಂತವಾಗಿ, ಹಣವಿಲ್ಲದೆ ಸಿಗುತ್ತವೆ. ಎಷ್ಟೋ ಕಥೆಗಳು ಕನ್ನಡದಲ್ಲೂ ಇವೆ, ಇಂಗ್ಲಿಷಿನಲ್ಲೂ ಇವೆ. ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಓದಿದರೆ ಅರ್ಥ ಮುಂಚೆಯೇ ಕೈಯಲ್ಲಿರುತ್ತದೆ. ಪೆನ್ಸಿಲಿನ ಸಾಲಿಗಿಂತ ಇದು ಎಷ್ಟೋ ಒಳ್ಳೆಯ ಆಸರೆ.

ಕನ್ನಡ ಗಟ್ಟಿಯಿರಲಿ

2023ರ ‘ಅಸರ್’ ಸಮೀಕ್ಷೆ ದೇಶದ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಮಾತನಾಡಿಸಿತು. ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 57.3. ಹಾಗೆ ಓದಿದವರಲ್ಲಿ ಅರ್ಥ ಹೇಳಬಲ್ಲವರು ಮುಕ್ಕಾಲು ಪಾಲಿಗೂ ತುಸು ಕಡಿಮೆ. ಎಲ್ಲರೂ ಎತ್ತಿ ಆಡಿದ್ದು ಈ ಅಂಕಿಯನ್ನು. ನನಗೆ ಹೆಚ್ಚು ಕಳವಳ ತಂದದ್ದು ಪಕ್ಕದಲ್ಲಿದ್ದ ಇನ್ನೊಂದು: ಅದೇ ವಯಸ್ಸಿನ ಕಾಲು ಭಾಗದಷ್ಟು ಮಕ್ಕಳಿಗೆ ತಮ್ಮ ನಾಡಿನ ಭಾಷೆಯ ಎರಡನೇ ತರಗತಿ ಮಟ್ಟದ ಪಾಠವನ್ನೂ ಸರಾಗವಾಗಿ ಓದಲಾಗುವುದಿಲ್ಲ. ತನ್ನ ಭಾಷೆಯಲ್ಲಿ ಒಂದು ಪುಟ ಓದಿ ಸಾರ ಹೇಳಲು ಬಾರದ ಮಗುವಿಗೆ ಆ ಕೆಲಸ ಇಂಗ್ಲಿಷಿನಲ್ಲಿ ಹೇಗೆ ಬಂದೀತು? ಒಂದು ಭಾಷೆಯಲ್ಲಿ ಗಳಿಸಿದ ಓದಿನ ಕಸುವು ಇನ್ನೊಂದಕ್ಕೂ ದಾಟುತ್ತದೆ ಎಂದು ಕೆನಡಾದ ಜಿಮ್ ಕಮಿನ್ಸ್ 1979ರಿಂದಲೂ ಹೇಳುತ್ತ ಬಂದಿದ್ದಾರೆ. ನಮಗೆ ದೂರದ ಸಾಕ್ಷ್ಯವೂ ಬೇಡ. ಬಿ.ಎಂ.ಶ್ರೀ, ಗೋಕಾಕ್, ಅಡಿಗ, ಲಂಕೇಶ್, ಅನಂತಮೂರ್ತಿ, ಎಲ್ಲರೂ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು, ಕನ್ನಡದಲ್ಲಿ ಬರೆದವರು. ಇಂಗ್ಲಿಷ್ ಬರಲೆಂದು ಮಗುವಿನ ಕೈಯಿಂದ ಕನ್ನಡ ಪುಸ್ತಕವನ್ನು ಕಸಿಯುವ ತಾಯಿತಂದೆ, ಇಂಗ್ಲಿಷಿಗೆ ಆಧಾರವಾಗಬೇಕಾದ್ದನ್ನೇ ಕಸಿಯುತ್ತಿದ್ದಾರೆ.

ಮನೆಯ ವಿಚಾರ ಬಂತು. ಓದುವ ಅಭ್ಯಾಸಕ್ಕೆ ಹೊತ್ತು ಬೇಕು, ಜಾಗ ಬೇಕು. ಬೆಳಿಗ್ಗೆ ನೀರು ಹಿಡಿದು, ಅಂಗಳ ಸಾರಿಸಿ, ತಮ್ಮನಿಗೆ ತಲೆ ಬಾಚಿ ಶಾಲೆಗೆ ಬರುವ ಹುಡುಗಿ ಸಂಜೆ ಮುಸುರೆ ಪಾತ್ರೆ ಮುಗಿಸುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಅವಳ ಅಣ್ಣನಿಗೂ ಅವಳಿಗೂ ಅಂಕದಲ್ಲಿ ವ್ಯತ್ಯಾಸ ಕಂಡರೆ ಬುದ್ಧಿಯನ್ನು ಅಳೆಯುವ ಮೊದಲು ಮನೆಗೆಲಸದ ಗಂಟೆಗಳನ್ನು ಅಳೆಯಿರಿ. ಇನ್ನು ಮೊಬೈಲು. ಅದೇ ಸಮೀಕ್ಷೆಯ ಪ್ರಕಾರ ಹತ್ತರಲ್ಲಿ ಹತ್ತಿರ ಹತ್ತಿರ ಒಂಬತ್ತು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಒಂದರ ಹಿಂದೊಂದು ರೀಲ್ಸ್ ಸರಿಸುತ್ತ ಕೂತರೆ ಇಂಗ್ಲಿಷ್ ಬರುವುದಿಲ್ಲ, ನಿದ್ದೆಯೂ ಹಾಳು. ಅದೇ ಫೋನಿನಲ್ಲಿ ಒಂದು ಕಥೆಯನ್ನು ಯಾರೋ ಓದುವುದನ್ನು ಕೇಳುತ್ತ, ಅಕ್ಷರವನ್ನು ಕಣ್ಣಿನಿಂದ ಹಿಂಬಾಲಿಸಿದರೆ ಪೆನ್ಸಿಲಿನ ಉಚ್ಚಾರಣೆಯ ಹಂಗು ತಪ್ಪುತ್ತದೆ.

ಹಾಗಾದರೆ ಎಂಟು, ಒಂಬತ್ತನೇ ತರಗತಿಯ ಮಗುವಿನ ಒಂದು ಸಂಜೆ ಹೇಗಿರಬೇಕು? ಇಂಗ್ಲಿಷಿಗೆ ಅರ್ಧ ಗಂಟೆ ಸಾಕು, ಆದರೆ ದಿನವೂ ಬೇಕು. ಅಂದು ತರಗತಿಯಲ್ಲಿ ಆದ ಪಾಠದ ಒಂದು ಪುಟವನ್ನು ಗಟ್ಟಿಯಾಗಿ ಓದಲಿ, ಪುಸ್ತಕ ಮುಚ್ಚಲಿ, ಅದರಲ್ಲಿ ಏನಿತ್ತು ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿಕೊಳ್ಳಲಿ. ತಡವರಿಸಿದ ಜಾಗವನ್ನು ಮಾತ್ರ ಮತ್ತೆ ತೆರೆದು ನೋಡಲಿ. ಉಳಿದ ಹೊತ್ತು ಕಥೆಪುಸ್ತಕಕ್ಕೆ. ಮಲಗುವ ಮುನ್ನ ಅಂದಿನ ದಿನದ ಬಗ್ಗೆ ಮೂರು ವಾಕ್ಯ: ಎಮ್ಮೆ ಕರು ಹಾಕಿತು, ಬಸ್ ತಪ್ಪಿತು, ಅಪ್ಪ ಬೈದರು. ಗೊತ್ತಿಲ್ಲದ ಪದದ ಜಾಗದಲ್ಲಿ ಕನ್ನಡ ಪದವನ್ನೇ ಬರೆದು, ಮಾರನೆಯ ದಿನ ಮೇಷ್ಟ್ರನ್ನು ಕೇಳಲಿ. ಉಚ್ಚಾರಣೆಯನ್ನು ಪೆನ್ಸಿಲಿನಲ್ಲಿ ಬರೆದುಕೊಂಡರೆ ತಪ್ಪಿಲ್ಲ, ಒಂದು ವಾರದ ನಂತರ ರಬ್ಬರಿನಿಂದ ಅಳಿಸಿ ಓದಲಿ. ಶಾಲೆಗೆ ಹೋಗುವ ದಾರಿಯಲ್ಲಿ ಗೆಳತಿಯರು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳಲಿ, ಗೈಡಿನ ಪ್ರಶ್ನೆಯನ್ನು ತುಸು ತಿರುಚಿ. ಇಂಗ್ಲಿಷ್ ಬಾರದ ಅಮ್ಮನೂ ಇಲ್ಲಿ ನೆರವಾಗಬಲ್ಲಳು. ‘ಇವತ್ತು ಓದಿದ ಕಥೆ ಏನು ಹೇಳು’ ಎಂದು ಕೇಳಲು ಇಂಗ್ಲಿಷ್ ಬೇಕಿಲ್ಲ.

ಪರೀಕ್ಷಾ ಮಂಡಳಿಯವರಲ್ಲಿ ಒಂದು ವಿನಂತಿ. ಪಠ್ಯದಲ್ಲಿಲ್ಲದ ಗದ್ಯಭಾಗಗಳಿಗೆ, ಮಗು ತನ್ನದೇ ಮಾತಿನಲ್ಲಿ ಬರೆಯುವ ಉತ್ತರಗಳಿಗೆ ಪ್ರಶ್ನೆಪತ್ರಿಕೆಯಲ್ಲಿ ಇನ್ನಷ್ಟು ಜಾಗ ಕೊಡಿ. ಪ್ರಶ್ನೆಪತ್ರಿಕೆ ಬದಲಾದರೆ ಓದುವ ಅಭ್ಯಾಸ ಒಂದೇ ವರ್ಷದಲ್ಲಿ ಅದರ ಹಿಂದೆ ಹೊರಳುತ್ತದೆ. ಪೋಷಕರಲ್ಲಿ ಇನ್ನೊಂದು ವಿನಂತಿ. ಮಗ ಅಥವಾ ಮಗಳು ಈ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರುತ್ತಿದ್ದರೆ ಎಸ್ಸೆಸ್ಸೆಲ್ಸಿಗೆ ಇನ್ನೂ ಮೂರು ವರ್ಷ ಬಾಕಿಯಿದೆ, ಟ್ಯೂಷನ್‌ಗೆ ಅವಸರವಿಲ್ಲ. ಶಾಲೆಯ ಮೊದಲ ಪೋಷಕರ ಸಭೆಗೆ ತಪ್ಪದೆ ಹೋಗಿ, ಪುಸ್ತಕದ ಕಪಾಟು ವಾರಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಕೇಳಿ. ತೆರೆಯುವುದಿಲ್ಲ ಎಂದರೆ, ಪುಸ್ತಕ ಕಳೆದರೆ ನಾವು ಹೊಣೆ ಎಂದು ಬರೆದುಕೊಟ್ಟು ತೆರೆಸಿ.